ಬಣ್ಣದ ಮೇಲಿನ ಅಂಟು

“ಒಂದು ಸೇತುವೆ ಇಷ್ಟು ಸುಮ್ಮನಿರುತ್ತಾ?”

ಕಚೇರಿಯ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಕೇಳಿದ್ದು ಪರದೆಯ ಮೇಲಿನ ಮೂರು ಗೆರೆಗಳನ್ನು ನೋಡಿ. ನದಿ ಸೇತುವೆಯ ಉಕ್ಕಿನ ತೊಲೆಗೆ ಸಾಲಾಗಿ ಅಂಟಿಸಿದ ಮೂರು ಸೆನ್ಸರ್‌ಗಳು. ಭಾರ ಬಿದ್ದಾಗ ಉಕ್ಕು ಎಷ್ಟು ಹಿಗ್ಗಿತೆಂದು ಹೇಳುವುದು ಅವುಗಳ ಕೆಲಸ. ಎರಡು ಗೆರೆಗಳು ನಿದ್ದೆ ಹೋದಂತಿದ್ದವು. ಮೂರನೆಯದು ಮಾತ್ರ ಲಾರಿ ಹಾದಾಗಲೆಲ್ಲ ಜಿಗಿದು, ಸುರಕ್ಷತೆಯ ಮಿತಿಯ ಅಂಚನ್ನು ಮುಟ್ಟಿ ಬರುತ್ತಿತ್ತು. ಅಕ್ಕಪಕ್ಕದವರೊಂದಿಗೆ ಹೊಂದದ ಸೆನ್ಸರನ್ನು ಕೆಟ್ಟದ್ದೆಂದು ತೆಗೆದುಹಾಕುವುದು ಕಚೇರಿಯ ನಿಯಮ. ಇಬ್ಬರು ಒಂದೇ ಮಾತಾಡಿದರೆ ಮೂರನೆಯವರದು ಸುಳ್ಳು. ಇನ್ನೂ ಭಾರದ ಲಾರಿಗಳನ್ನು ಬಿಡಬಹುದೆಂಬ ವರದಿಗೆ ಸಂಜೆಯೊಳಗೆ ಎಂಜಿನಿಯರ್ ಆಗಿ ಅವಳು ಸಹಿ ಹಾಕಬೇಕಿತ್ತು.

ಅವಳ ಅಜ್ಜಿ ಕಣ್ಣು ಮುಚ್ಚಿ ಪದ್ಯ ಹೇಳಿಸುತ್ತಿದ್ದಳು. ಮೊಮ್ಮಕ್ಕಳೆಲ್ಲ ಒಕ್ಕೊರಲಿನಿಂದ ತಪ್ಪಿದರೂ, ಸರಿ ಹೇಳಿದ ಒಂದು ಕೊರಳನ್ನು ಹೆಕ್ಕಿ, ನೀನು ಮುಂದುವರಿಸು ಎನ್ನುತ್ತಿದ್ದಳು. ಅದು ನೆನಪಾಗಿ ಅವಳು ಹೆಲ್ಮೆಟ್ ಎತ್ತಿಕೊಂಡಳು.

ಕಚೇರಿಯ ಮುಖ್ಯಸ್ಥ ಅವಳ ಅಕ್ಕನ ಗಂಡ. ತಾನೂ ಜೊತೆಗೆ ಹೊರಟ. ಕೆಟ್ಟ ಸೆನ್ಸರನ್ನು ಬದಲಾಯಿಸಿದರಾಯಿತು, ನೆಗಡಿ ಬಂದ ನೆಂಟರನ್ನು ನೋಡಲು ಹೊರಟಂತೆ ಹೊರಡಬೇಕೇ ಎಂದು ದಾರಿಯುದ್ದಕ್ಕೂ ರೇಗಿಸಿದ.

ಟೊಳ್ಳು ತೊಲೆಯೊಳಗೆ ಬೆನ್ನು ಬಗ್ಗಿಸಿಯೇ ನಡೆಯಬೇಕು. ಟಾರ್ಚಿನ ಬೆಳಕಿನಲ್ಲಿ ಅವಳು ಮೊದಲ ಸೆನ್ಸರಿನ ಅಂಚನ್ನು ಉಗುರಿನಿಂದ ಕೆರೆದಳು. ಬಣ್ಣ ಸಿಪ್ಪೆಯಂತೆ ಎದ್ದುಬಂತು. ಎರಡನೆಯದರಲ್ಲೂ ಅದೇ. ಬಣ್ಣವನ್ನು ಪೂರ್ತಿ ಉಜ್ಜಿ ತೆಗೆದು, ಬರಿಯ ಉಕ್ಕಿಗೆ ಅಂಟಿಸಬೇಕಿತ್ತು. ಇವು ಬಣ್ಣದ ಮೇಲೆಯೇ ಕೂತಿದ್ದವು. ಕೆಳಗೆ ಉಕ್ಕು ಹಿಗ್ಗಿದರೂ ಇವಕ್ಕೆ ಸುದ್ದಿ ಸರಿಯಾಗಿ ಮುಟ್ಟುತ್ತಿರಲಿಲ್ಲ. ಮೂರನೆಯದರ ಸುತ್ತ ಮಾತ್ರ ಉಜ್ಜಿದ ಉಕ್ಕು ಹೊಳೆಯಿತು.

ಭಾವನ ತಮಾಷೆ ನಿಂತಿತು. ಸೇತುವೆ ತೆರೆಯುವ ಅವಸರದಲ್ಲಿ ಆ ಎರಡನ್ನೂ ಅಂಟಿಸಿದವನು ಅವನೇ.

ಮೇಲೆ ಲಾರಿ ಬಂತು. ಅವಳು ಉಕ್ಕಿಗೆ ಅಂಗೈ ಇಟ್ಟಳು. ದೂರದಲ್ಲಿ ಹುಟ್ಟಿದ ಕಂಪನವೊಂದು ಹತ್ತಿರವಾಗಿ, ಮೂಳೆಯೊಳಗೆ ಇಳಿದು, ಆಚೆ ದಡಕ್ಕೆ ಹೊರಟುಹೋಯಿತು. ಬೆಟ್ಟದಂಥ ಮೈ ಕೂದಲೆಳೆಯಷ್ಟು ಹಿಗ್ಗಿ, ಮತ್ತೆ ತನ್ನ ಅಳತೆಗೆ ಮರಳಿತ್ತು. ಇಷ್ಟು ಜನರನ್ನು ಹೊತ್ತು ಅದು ಹೀಗೆ ಉಸಿರಾಡುತ್ತಿತ್ತು. ಉಗುರಗಲದ ಒಂದು ಸೆನ್ಸರ್ ಅದನ್ನು ಕೇಳಿಸಿಕೊಂಡು, ಯಾರೂ ನಂಬದಿದ್ದರೂ ಹೇಳುತ್ತಲೇ ಇತ್ತು. ಅವಳ ಮೈ ಜುಮ್ಮೆಂದಿತು. ಕೈ ಮುಗಿಯಬೇಕೆನಿಸಿತು, ಮುಗಿಯದೆ, ಇನ್ನೊಂದು ಅಂಗೈಯನ್ನೂ ಉಕ್ಕಿನ ಮೇಲಿಟ್ಟಳು.

“ಎರಡನ್ನೂ ಕಿತ್ತು ನಾನೇ ಸರಿಯಾಗಿ ಅಂಟಿಸ್ತೀನಿ,” ಎಂದ ಭಾವ. ದನಿ ಇಳಿದಿತ್ತು. “ಈ ಸಲದ ವರದಿ ಮಾತ್ರ ಇದ್ದ ಹಾಗೇ ಹೋಗ್ಲಿ. ಮೂರನೇದನ್ನ ಬಿಟ್ಟು ಸಹಿ ಹಾಕಿಬಿಡು ಪುಟ್ಟಿ. ನಿಮ್ಮಕ್ಕನ ಮುಖ ನೋಡಿಯಾದ್ರೂ.”

ಇನ್ನೊಂದು ಲಾರಿ ಬರುತ್ತಿತ್ತು. ಅದು ಆಚೆ ದಡ ಸೇರುವವರೆಗೂ ಅವಳು ಕೈ ತೆಗೆಯಲಿಲ್ಲ.

“ಹಾಕಲ್ಲ ಭಾವ.”