ಮುಂಗೋಪಿಯ ಫಲಕ

ಊರಿಗೇ ಹಳೆಯ ಪಬ್ಬು ಅದು. ಮಾರುವ ಬಿಯರನ್ನೆಲ್ಲ ಹಿತ್ತಲ ಶೆಡ್ಡಿನಲ್ಲಿ ತಾನೇ ತಯಾರಿಸುತ್ತಿತ್ತು. ಅಲ್ಲಿ ಒಂದು ಕಟ್ಟುಪಾಡಿತ್ತು. ಪ್ರತಿ ಬಿಯರಿಗೂ ಅದನ್ನು ಮೊದಲು ಮಾಡಿದ ಮೇಸ್ತ್ರಿಯ ಅಡ್ಡಹೆಸರೇ ಹೆಸರು. ಹೊಗೆ ಹಿಡಿದು ಕಪ್ಪಾದ ತೊಲೆಗೆ ಮರದ ಫಲಕಗಳನ್ನು ತೂಗುಹಾಕಿದ್ದರು: ಸೋಮಾರಿ, ಚಿಕ್ಕಮ್ಮ, ಮುಂಗೋಪಿ. ಮೇಸ್ತ್ರಿ ತೀರಿಕೊಂಡರೆ ಅವನ ಮನೆಯವರೊಬ್ಬರು ಬಂದು ಹೊಸಬ ಮಾಡಿದ್ದನ್ನು ಕುಡಿದು ನೋಡಬೇಕು. ಗ್ಲಾಸು ಖಾಲಿ ಮಾಡಿ 'ನಮ್ಮನೆಯದೇ' ಅಂದರೆ ಫಲಕ ಉಳಿಯುತ್ತದೆ, ಇಲ್ಲವಾದರೆ ಅಟ್ಟ ಸೇರುತ್ತದೆ. ಸತ್ತವರಿಗೆ ಮರ್ಯಾದೆ ಕೊಡುವುದರಲ್ಲಿ ಮನುಷ್ಯರು ಎಂತೆಂಥ ದಾರಿ ಹುಡುಕುತ್ತಾರೋ!

ಮುಂಗೋಪಿ ಅಂದರೆ ಈಚೆಗೆ ತೀರಿಕೊಂಡ ಮೇಸ್ತ್ರಿ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಆಸಾಮಿ. ಒಮ್ಮೆ ಬಿಯರಿಗೆ ಸಕ್ಕರೆ ಕೇಳಿದ ಗಿರಾಕಿಯನ್ನು ಹೊಸಿಲು ದಾಟಿಸಿ ಬಂದಿದ್ದ.

ರುಚಿ ನೋಡಲು ಅವನ ಮಗಳೇ ಬರಬೇಕಾಯಿತು. ಅವಳ ತಮ್ಮನೋ ಬಿಯರು ಮುಟ್ಟುವವನಲ್ಲ, ಜೊತೆಗೆ ಅವನಿಗೆ ಅಳುವುದೇ ಮುಗಿದಿರಲಿಲ್ಲ. ಅಪ್ಪ ಹೋದ ದಿನದಿಂದ ಅವನು ಇಬ್ಬರ ಪಾಲಿನದನ್ನೂ ಅತ್ತಿದ್ದ. ಅವಳ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. 'ಗಟ್ಟಿಗಿತ್ತಿ' ಎಂದರು ಸೋದರತ್ತೆಯರು. ಗಟ್ಟಿಯೂ ಅಲ್ಲ, ಮಣ್ಣೂ ಅಲ್ಲ. ಬಾಯಿಗೆ ಹಾಕಿದ್ದೆಲ್ಲ ಸಪ್ಪೆ, ಕಿವಿಗೆ ಬಿದ್ದದ್ದೆಲ್ಲ ದೂರದ್ದು, ಅಷ್ಟೆ. ಕನ್ನಡಕದಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಿದ್ದಳು. ಮನೆಗೆ ಬಂದು ಮಲಗುತ್ತಿದ್ದಳು. ತನಗೆ ಅಪ್ಪನ ಮೇಲೆ ಪ್ರೀತಿಯೇ ಇರಲಿಲ್ಲವೇನೋ ಎಂಬ ಭಯ ಮಾತ್ರ ಆಗಾಗ ಬಂದು ಹೋಗುತ್ತಿತ್ತು.

ಪಬ್ಬಿನ ಒಡತಿ, ಬೆಳ್ಳಗಿನ ತಲೆಯ ದಪ್ಪ ಹೆಂಗಸು, ಅವಳನ್ನು ಕಿಟಕಿಯ ಪಕ್ಕ ಕೂರಿಸಿದಳು. ಮಧ್ಯಾಹ್ನದ ಹೊತ್ತು, ಗಿರಾಕಿಗಳಿನ್ನೂ ಬಂದಿರಲಿಲ್ಲ. ಅಪ್ಪನ ಶಿಷ್ಯ, ಈಗಿನ ಮೇಸ್ತ್ರಿ, ಏಪ್ರನ್ನಿಗೆ ಕೈ ಒರೆಸುತ್ತ ನಿಂತಿದ್ದ. ಒರೆಸಲು ಕೈಯಲ್ಲಿ ಏನೂ ಇರಲಿಲ್ಲ.

"ಮೊದಲು ಸೋಮಾರಿ ಕುಡೀಮ್ಮ, ನಾಲಿಗೆ ಹದಕ್ಕೆ ಬರ್ಲಿ," ಎಂದಳು ಒಡತಿ.

ತಿಳಿ ಹಳದಿಯ ಸೋಮಾರಿ ಗಂಟಲಲ್ಲಿ ತಣ್ಣಗೆ ಇಳಿಯಿತು. ಗೋಧಿಯ ಚಿಕ್ಕಮ್ಮ ತುಸು ಮಂದ, ಮೇಲೆ ದಪ್ಪ ನೊರೆ. ನೊರೆ ತುಟಿಗೆ ಹತ್ತಿದ್ದು ಗೊತ್ತಾಯಿತೇ ಹೊರತು ರುಚಿ ಗೊತ್ತಾಗಲಿಲ್ಲ. ಎರಡೂ ಅವಳಿಗೆ ನಲ್ಲಿ ನೀರೇ. ಕೊನೆಗೆ ಶಿಷ್ಯ ಮಾಡಿದ ಕಡುಗಪ್ಪು ಮುಂಗೋಪಿಯ ಗ್ಲಾಸು ಬಂತು. ಒಡತಿ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು.

ಅವಳು ಕುಡಿದಳು. ಏನೂ ಇಲ್ಲ. ಇನ್ನೊಂದು ಗುಟುಕು. ಏನೂ ಇಲ್ಲ. 'ನಮ್ಮನೆಯದೇ' ಎಂದು ಹೇಳಿ ಎದ್ದುಬಿಟ್ಟರೆ ಫಲಕ ಉಳಿಯುತ್ತದೆ, ತಮ್ಮನಿಗೂ ಸಮಾಧಾನ. ಆದರೆ ರುಚಿಯ ವಿಷಯದಲ್ಲಿ ಸುಳ್ಳು ಹೇಳಿದವರ ಮುಖ ಅಪ್ಪ ನೋಡುತ್ತಿರಲಿಲ್ಲ. ಇಲ್ಲವೆಂದರೆ ಅಪ್ಪನನ್ನು ತನ್ನ ಕೈಯಾರೆ ಅಟ್ಟಕ್ಕೆ ಹಾಕಿದಂತೆ. ಅದೂ ರುಚಿಯೇ ಗೊತ್ತಾಗದವಳ ಮಾತು ನಂಬಿ!

"ಅಕ್ಕ, ನಿಜ ಹೇಳಿ. ಸರಿಯಾಗಿಲ್ಲ ಅಲ್ವಾ?" ಎಂದ ಶಿಷ್ಯ. "ಅದೇ ಬಾರ್ಲಿ, ಅದೇ ನೀರು, ಅದೇ ಅಳತೆ. ಆದ್ರೂ ನಂಗೇ ಯಾಕೋ ಒಪ್ಪಿಗೆ ಇಲ್ಲ."

"ನಂಗೆ ಗೊತ್ತಾಗ್ತಿಲ್ಲ," ಎಂದಳು. ಅದೊಂದು ನಿಜ.

"ಅಪ್ಪನದು ಒಂದು ಹನಿಯಾದ್ರೂ ಇದ್ದಿದ್ರೆ ಪಕ್ಕದಲ್ಲಿಟ್ಟು ನೋಡಬಹುದಿತ್ತು," ಎಂದು ಒಡತಿ ನಿಟ್ಟುಸಿರುಬಿಟ್ಟಳು.

ಶಿಷ್ಯ ತಲೆ ತಗ್ಗಿಸಿ ಒಳಗೆ ಹೋದ. ಧೂಳು ಹಿಡಿದ ಒಂದು ಬಾಟಲಿ ತಂದು ಮೇಜಿನ ಮೇಲಿಟ್ಟ. ಅಪ್ಪ ಮಾಡಿದ ಕೊನೆಯ ಬಿಯರು, ನೆನಪಿಗೆಂದು ಕದ್ದಿಟ್ಟುಕೊಂಡದ್ದು. ಒಡತಿ ಕಣ್ಣು ಕೆಕ್ಕರಿಸಿದಳು, ಬೈಯಲಿಲ್ಲ.

ಅವಳು ಅದನ್ನೂ ನೀರಿನಂತೆಯೇ ಬಾಯಿಗೆ ಹಾಕಿಕೊಂಡಳು. ನುಂಗಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಏನೋ ಕಚ್ಚಿತು. ಅನ್ನ ತಳ ಹಿಡಿದಾಗ ಬರುವಂಥದು.

"ಇದು ಸೀದಿದೆ," ಎಂದಳು.

ಶಿಷ್ಯನ ಮುಖ ಬಿಳಿಚಿಕೊಂಡಿತು. "ಏನು ಸೀಯೋದು? ಮುಂಗೋಪಿ ಕೈಯಲ್ಲಿ?" ಎಂದು ಒಡತಿ ಅವನತ್ತ ತಿರುಗಿದಳು.

"ಸೀದಿದ್ದೇ ಅಮ್ಮ. ಪ್ರತಿ ಸಲಾನೂ ಸೀಯ್ತಿತ್ತು. ನಿಮಗೆ ಹೇಳಿರಲಿಲ್ಲ." ಅವನು ತೊದಲಿದ. "ಬಾರ್ಲಿ ಹುರಿಯೋವಾಗ ಕಡೇಲಿ ಒಂದು ಘಳಿಗೆ ಬರುತ್ತಲ್ಲ, ಡ್ರಮ್ಮು ಬಿಟ್ಟು ಅಲ್ಲಾಡಬಾರ್ದು ಅಂತ ಅವರೇ ನಂಗೆ ಹೇಳಿಕೊಟ್ಟಿದ್ದು. ಸರಿಯಾಗಿ ಆಗಲೇ ಫೋನ್ ಹಿಡ್ಕೊಂಡು ಅಂಗಳಕ್ಕೆ ಹೋಗ್ತಿದ್ರು. ಮೇಸ್ತ್ರಿ, ಸೀಯ್ತಿದೆ, ಒಲೆ ಆರಿಸ್ಲಾ ಅಂತ ಕೂಗಿದ್ರೆ, ಅದನ್ನ ಮುಟ್ಟಿದ್ರೆ ಕೈ ಮುರೀತೀನಿ, ಮಗಳ ಹತ್ರ ಮಾತಾಡ್ತಿರೋದು ಕಾಣಲ್ವಾ ಅಂತ ನಂಗೇ ಬೈಯೋರು."

"ಮತ್ತೆ ಈ ಸಲ ನೀನು?" ಎಂದಳು ಒಡತಿ.

"ಅವರ ಹೆಸರಿನ ಬಿಯರು. ಅವರಿಲ್ಲದಾಗ ಒಂದು ತಪ್ಪೂ ಇರಬಾರ್ದು ಅಂತ ಸರಿಯಾಗಿ ಹುರಿದೆ."

ಒಡತಿ ಹಣೆ ಬಡಿದುಕೊಂಡಳು. ಗುರುಭಕ್ತಿ ಹೆಚ್ಚಾದರೆ ಹೀಗೇ, ಗುರುವನ್ನೇ ತಿದ್ದಿಬಿಡುತ್ತದೆ.

ಅವಳಿಗೆ ಅದಾವುದೂ ಕೇಳಿಸುತ್ತಿರಲಿಲ್ಲ. ಆ ಫೋನುಗಳು ನೆನಪಾದವು. ಅಂಗಡಿಯಲ್ಲಿ ಕೈತುಂಬ ಕೆಲಸ ಇರುವಾಗಲೇ ಬರುತ್ತಿದ್ದವು. "ಏನಿಲ್ಲ, ಸುಮ್ನೆ ಮಾಡ್ದೆ. ನಲ್ಲಿ ರಿಪೇರಿ ಆಯ್ತಾ?" ಆ ನಲ್ಲಿ ರಿಪೇರಿಯಾಗಿ ವರ್ಷಗಳೇ ಕಳೆದಿದ್ದವು. ಆಮೇಲೆ ಇಬ್ಬರೂ ಮೌನ. "ಇಡ್ಲಾ ಅಪ್ಪ?" ಎಂದರೆ "ಇಡು ಇಡು" ಅನ್ನುತ್ತಿದ್ದ, ಇಡುತ್ತಿರಲಿಲ್ಲ. ಅವಳು ಫೋನನ್ನು ಗಾಜಿನ ಪೆಟ್ಟಿಗೆಗೆ ಒರಗಿಸಿ ಸ್ಕ್ರೂ ಬಿಗಿಯುತ್ತಿದ್ದಳು. ಅಪ್ಪನಿಗೆ ಮಾಡಲು ಕೆಲಸವಿಲ್ಲ, ಹೊತ್ತು ಹೋಗದೆ ಫೋನು ಮಾಡುತ್ತಾನೆ ಎಂದೇ ಇಷ್ಟು ವರ್ಷ ತಿಳಿದಿದ್ದಳು.

ಸೀದದ್ದು ನಾಲಿಗೆಯ ಮೇಲೆ ಇನ್ನೂ ಇತ್ತು. ಅದು ಹೋಗಿಬಿಡಬಾರದೆಂದು ಉಗುಳು ನುಂಗದೆ ಕೂತಳು. ಅಳು ಬರಲಿಲ್ಲ. ಎದೆ ನೋಯತೊಡಗಿತು. ಇಷ್ಟು ದಿನ ಅದೂ ಇರಲಿಲ್ಲ.

"ಹಾಗಾದ್ರೆ ಏಣಿ ತರಿಸ್ಲಾ, ಬೇಡ್ವಾ?" ಎಂದಳು ಒಡತಿ, ಫಲಕದತ್ತ ನೋಡುತ್ತ.

"ಇನ್ನೊಂದು ಸಲ ಮಾಡ್ಲಿ. ಆಮೇಲೆ ಹೇಳ್ತೀನಿ."

"ಎಷ್ಟು ಹೊತ್ತು ಸೀಯೋಕೆ ಬಿಡ್ಬೇಕಕ್ಕ?" ಶಿಷ್ಯ ಕೇಳಿದ. "ಅವರದ್ದು ಗಡಿಯಾರದ ಲೆಕ್ಕ ಅಲ್ಲ."

"ಹುರಿಯೋವಾಗ, ಆ ಘಳಿಗೆ ಬಂದಾಗ, ನಂಗೆ ಫೋನ್ ಮಾಡು."

"ಮಾಡಿ ಏನಂತ ಮಾತಾಡ್ಲಿ?"

"ನಲ್ಲಿ ರಿಪೇರಿ ಆಯ್ತಾ ಅಂತ ಕೇಳು. ಆಮೇಲೆ ಸುಮ್ನೆ ಇರು. ನಾನು ಫೋನ್ ಇಟ್ಟ ಮೇಲೆ ಒಲೆ ಆರಿಸು."

ಅವನಿಗೆ ಇನ್ನೂ ಅನುಮಾನ. "ಕೆಲಸ ಇದೆ ಅಂತ ನೀವು ಬೇಗ ಇಟ್ಬಿಟ್ರೆ?"

"ಇಡಲ್ಲ," ಎಂದಳು.