ಸಾವಿತ್ರೆವ್ವ ಎಂಬ ಫೋಲ್ಡರು

ಮತ್ತೆ ಕೆಂಪು, ಕರೀ ಪರದೆಯ ಮೇಲೆ ಎರರಿನ ಕೆಂಪು ಸಾಲುಗಳು ದಡದಡನೆ ಇಳಿದು ನಿಂತವು, ಹುಡುಗಿಯ ಬೆರಳು ಕೀಲಿಮಣೆಯ ಮೇಲೇ ನಿಂತಿತು, ಒಂದು ಉಗುರು ತುದಿಯಲ್ಲಿ ಮುರಿದಿದೆ, ಕಚ್ಚಿಕೊಂಡಿರಬೇಕು, ಕಚ್ಚಲಿ, ಇನ್ನೂ ಉಳಿದ ಉಗುರುಗಳಿವೆ — ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಖಟಖಟ ಎನ್ನುತ್ತಲೇ ಇವೆ, ಬೆಟಗೇರಿಯಲ್ಲಿ ಆ ಸದ್ದು ನಿಂತರೆ ಮಾತ್ರ ಜನ ತಲೆ ಎತ್ತಿ ನೋಡುತ್ತಾರೆ, ನೂರೀನಳ ಕೆಂಪು ಸಾಲಿಗೆ ಯಾರು ತಲೆ ಎತ್ತಬೇಕು, ನಾನೊಬ್ಬನೇ, ಹಿಂದಿನ ಕುರ್ಚಿಯಲ್ಲಿ ಚಹಾದ ಕಪ್ಪು ಹಿಡಿದು ಮೇಲಿನ ಸಾಲನ್ನು ಓದುತ್ತ ಕೂತವನು. ಅವಳು ಆ ಸಾಲು ಓದುವುದಿಲ್ಲ. ಈಗಿನ ಹುಡುಗರೆಲ್ಲ ಕೆಳಗಿನ ಸಾಲು ಓದುತ್ತಾರೆ, ಹುಡುಕಿದ್ದು ಸಿಗಲಿಲ್ಲ ಎಂದು ಕೆಳಗೆ ಬರೆದಿದೆ, ಎಲ್ಲಿ ಹುಡುಕಿದೆ ಎಂಬುದು ಮೇಲಿದೆ, ಸಿ ಡ್ರೈವು, ಯೂಸರ್ಸ್, ಅದರ ಮುಂದೆ ಸಾಲಾಗಿ ಪ್ರಶ್ನೆಚಿಹ್ನೆಗಳು, ನೂಲು ಕಳಚಿಹೋದ ಮಗ್ಗದ ಕೊಕ್ಕೆಗಳ ಹಾಗೆ, ಒಂದರ ಪಕ್ಕ ಒಂದು. ಮೊದಲ ಸಲ ಬಂದಾಗಲೇ ನೋಡಿದೆ. ನೋಡಿ ಚಹಾ ತರಿಸಿಕೊಂಡೆ. ಸರ್, ಜಾವಾ ಐತ್ರಿ, ಪೈಥಾನೂ ಐತ್ರಿ, ಎರಡರ ನಡುವಿನ ಸೇತು ಲೈಬ್ರರಿನೂ ಇನ್‌ಸ್ಟಾಲ್ ಆಗೇತಂತ ಬಂತ್ರಿ, ಆದ್ರ ಕರದ್ರ ನಿಮ್ಮ ಪ್ರೋಗ್ರಾಂ ಓ ಅನ್ನವಲ್ದ್ರಿ, ಎಂದು ಅವಳು ಕತ್ತು ತಿರುಗಿಸಿ ಕೇಳುತ್ತಾಳೆ, ಕಣ್ಣ ಕೆಳಗೆ ಕಪ್ಪು, ನಾನು ಬಹಳ ವಿಚಾರ ಮಾಡುವವನಂತೆ ಹುಬ್ಬು ಗಂಟಿಕ್ಕಿ, ಜಾವಾ ಮೂವತ್ತೆರಡು ಬಿಟ್ಟಿಂದು ಇರಬೇಕವಾ, ತಗದು ಮತ್ತೊಮ್ಮೆ ಹಾಕು, ಎಂದೆ. ತೆಗೆದಳು. ಹಾಕಿದಳು. ಹೇಳಿದ ಮಾತು ಎಷ್ಟು ಚೆನ್ನಾಗಿ ಕೇಳುತ್ತಾಳೆ.

ಸೇತುವೆಯಂತೆ, ಯಾರು ದಾಟಲಿಕ್ಕೆ, ಇವಳು ದಾಟಲಿಕ್ಕೆ, ನಾನು ಕೆಳಗೆ ಕಂಬವಾಗಿ ನಿಲ್ಲಲಿಕ್ಕೆ — ನನ್ನ ಪ್ರೋಗ್ರಾಂ ಜಾವಾದಲ್ಲಿದೆ, ಗದಗ ಹೊಸದಾಗಿ ಜಿಲ್ಲೆಯಾದಾಗ ನಮ್ಮೂರು ಅಂತೂರ ಬೆಂತೂರಿನಿಂದ ಸೈಕಲ್ ತುಳಿದು ಬಂದು, ಚಪ್ಪಲಿ ಹೊರಗೆ ಬಿಟ್ಟು, ಗುಡಿಯೊಳಗೆ ಹೋದಂತೆ ಕಂಪ್ಯೂಟರ್ ಕೋಣೆಗೆ ಹೋಗಿ ಕಲಿತವನು ನಾನು, ಹೊರಗೆ ಬೋರ್ಡುಗಳ ಮೇಲೆ ಧಾರವಾಡ ಜಿಲ್ಲೆ ಅಳಿಸಿ ಗದಗ ಜಿಲ್ಲೆ ಬರೆಯುತ್ತಿದ್ದರು, ಬಣ್ಣದ ವಾಸನೆ ಒಳಗೂ ಬರುತ್ತಿತ್ತು, ಸೀರೆಯ ಅಂಚನ್ನು ಚೌಕಳಿ ಹಾಳೆಯಿಂದ, ಯಾವ ನೂಲು ಎತ್ತಬೇಕೆಂದು ಮಗ್ಗಕ್ಕೆ ಹೇಳುವ ರಟ್ಟಿನ ತೂತುಗಳಾಗಿ ಮಾಡುವ ಆ ಪ್ರೋಗ್ರಾಂ ಅಲ್ಲಿಂದ ಶುರುವಾದದ್ದು, ವರ್ಷಗಟ್ಟಲೆ ತಿದ್ದಿದೆ, ಹೆಂಡತಿ ಕಳಸಾಪುರದ ತವರಿಗೆ ಹೋದದ್ದೂ ಬಂದದ್ದೂ ನನಗೆ ಗೊತ್ತಾಗುತ್ತಿರಲಿಲ್ಲ. ಇವಳದು ಪೈಥಾನು. ಹಳೇ ಸೀರೆಯ ಫೋಟೋ ತೋರಿಸಿದರೆ ಸಾಕು, ಬಳ್ಳಿ, ನವಿಲು, ಗೋಪುರ ಎಲ್ಲವೂ ತಾವೇ ಚೌಕಳಿಯ ಮೇಲೆ ಇಳಿಯುತ್ತವೆ, ನಾನು ಕಣ್ಣು ಕೆಂಪಗೆ ಮಾಡಿಕೊಂಡು ಕೈಯಿಂದ ಇಳಿಸುತ್ತಿದ್ದದ್ದು. ಅವಳ ಚೌಕಳಿ ನನ್ನ ಪ್ರೋಗ್ರಾಮಿಗೆ ಹೋಗಿ ಮುಟ್ಟಿತೋ ರಟ್ಟು ತಾನೇ ಬರುತ್ತದೆ, ನಡುವೆ ನಿಜಲಿಂಗಪ್ಪ ಎಂಬ ಮನುಷ್ಯ ಬೇಕಿಲ್ಲ. ಆದರೆ ಸೋರ್ಸ್ ಕೋಡ್ ನನ್ನ ಹತ್ತಿರ ಇದೆ. ಸೋರ್ಸ್ ಹುಡಿಗಿ ಕೈಯಾಗ ಕೊಡ್ರಿ ಎಂದು ಮಾಲೀಕ ಹುಚ್ಚೀರಪ್ಪ ಬೇಸಿಗೆಯಿಂದ ಹೇಳುತ್ತಿದ್ದಾನೆ, ಮನಿಯಾಗ ಐತ್ರಿ, ತರ್ತೀನ್ರಿ ಎಂದು ನಾನೂ ಬೇಸಿಗೆಯಿಂದ ಹೇಳುತ್ತಿದ್ದೇನೆ, ಮನೆಯಲ್ಲಿ ಎಲ್ಲಿದೆ ಮಣ್ಣು, ಇದೇ ಯಂತ್ರದಲ್ಲಿದೆ, ಇದರ ಇದೊಂದೇ ಖಾತೆಯಲ್ಲಿ, ಫೋಲ್ಡರಿನ ಒಳಗಿನ ಫೋಲ್ಡರಿನ ಒಳಗೆ, ಬೇರೆ ಪ್ರತಿ ಎಲ್ಲೂ ಇಲ್ಲ, ಪ್ರತಿ ಮಾಡಿದರೆ ಅದಕ್ಕೆ ಕಾಲು ಬರುತ್ತದೆ, ಕಾಲು ಬಂದದ್ದು ಇನ್ನೊಬ್ಬರ ಮನೆಗೆ ಹೋಗುತ್ತದೆ. ಓಡುವ ಪ್ರೋಗ್ರಾಂ ಅವರ ಹತ್ತಿರ ಇರಲಿ, ಅದು ನೇಯ್ದು ಮುಗಿದ ಸೀರೆ, ಉಡಬಹುದು, ಬಿಚ್ಚಿ ಬೇರೆ ಅಂಚು ಹಾಕಲಾಗದು, ಹಾಕಬೇಕೆಂದರೆ ನನ್ನ ಬಾಗಿಲಿಗೇ ಬರಬೇಕು.

ಸರ್, ಸಿಕ್ಸ್ಟಿಫೋರ್ ಬಿಟ್ಟಿಂದು ಹಾಕಿದೆರಿ, ಅದ ಎರರ್ ಬರಾಕತ್ತೈತ್ರಿ. ಹಂಗಾರ ಪೈಥಾನ್ ಹಳೇದಿರಬೇಕು ನೋಡು. ಅವಳು ಪೈಥಾನನ್ನೂ ಕಿತ್ತಳು, ಹೊಸದು ಇಳಿಯತೊಡಗಿತು, ನೆಟ್ ಕುಂಟುತ್ತಿದೆ, ಹಸಿರು ಪಟ್ಟಿ ಅರ್ಧಕ್ಕೆ ಬಂದು ಕೂತಿತು, ಅವಳು ದುಪಟ್ಟಾದ ತುದಿಯಿಂದ ಅಂಗೈ ಒರೆಸಿಕೊಂಡಳು, ಬೆವರು, ಬೆವರಬೇಕು, ಮಧ್ಯಾಹ್ನಕ್ಕೆ ಲಕ್ಷ್ಮೇಶ್ವರದಿಂದ ಖಲೀಲ ಸೇಠ ಬರುತ್ತಾನೆ, ಸೀರೆ ವ್ಯಾಪಾರಿ, ಅವನು ಕೊಟ್ಟುಹೋದ ಹಳೇ ಸೀರೆಯ ಅಂಚು ಅವನ ಕಣ್ಣೆದುರೇ ರಟ್ಟಿಗೆ ಇಳಿಯಬೇಕು, ಇಳಿಯಿತೋ ಇಡೀ ವರ್ಷದ ಆರ್ಡರು. ಬೆಳಿಗ್ಗೆ ಹುಚ್ಚೀರಪ್ಪ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, ನೋಡವಾ ನೂರೀನ, ಇವತ್ತ ನಡೀತೋ ಈ ಕುರ್ಚಿ ನಿಂದು, ನಡೀಲಿಲ್ಲೋ ನಾಳಿಂದ ನಿಮ್ಮವ್ವನ ಬಾಜೂಕ ಕುಂತು ಕಂಡಿಕಿ ಸುತ್ತು, ಎಂದು ನಕ್ಕ, ನಾನೂ ನಕ್ಕೆ, ಮಾಲೀಕ ನಕ್ಕಾಗ ನಗಬೇಕು. ಅವ್ವ ಅಂದರೆ ಮೋತಿಬಿ, ಶೆಡ್ಡಿನ ಮೂಲೆಯಲ್ಲಿ ನೂಲಿನ ಕಂಡಿಕೆ ಸುತ್ತುವವಳು, ಕೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಬಿಳೀ ಹಿಂಜು, ಅವಳ ಕೆಮ್ಮು ಮಗ್ಗದ ಸದ್ದಿನ ಮೇಲೂ ಕೇಳುತ್ತದೆ, ಇದೋ ಈಗ ಕೇಳಿತು, ಹತ್ತಿಯ ಧೂಳು ಬಿಡು ಇಲ್ಲವೇ ಎದೆ ಬಿಡು ಎಂದಿದ್ದಾನಂತೆ ಡಾಕ್ಟರು, ಮಗಳಿಗೆ ಈ ಕುರ್ಚಿ ಸಿಕ್ಕರೆ ಧೂಳು ಬಿಡುತ್ತಾಳೆ, ಸಿಗದಿದ್ದರೆ ಇಬ್ಬರೂ ಕೂತು ಕೆಮ್ಮುತ್ತಾರೆ. ಇದೆಲ್ಲ ನನಗೆ ಗೊತ್ತಿದೆ. ಗೊತ್ತಿದ್ದೇ ಹೇಳುತ್ತಿಲ್ಲ, ಹೊಟ್ಟೆಕಿಚ್ಚು, ಮತ್ತೇನು, ಅದಕ್ಕೆ ಬೇರೆ ಹೆಸರು ಯಾಕೆ, ಅವಳು ಮೂರು ಬೆರಳಿನಲ್ಲಿ ಮಾಡುವುದನ್ನು ನಾನು ಹತ್ತಿರಹತ್ತಿರ ಮೂವತ್ತು ವರ್ಷ ಮಾಡಿದೆ, ಅವಳು ಸರ್ ಎಂದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹೆಸರು, ಎಲ್ಲ ಆ ಹೆಸರಿನ ಮಹಿಮೆ — ಈ ಶೆಡ್ಡಿನಲ್ಲಿ ಪ್ರತಿ ಮಗ್ಗಕ್ಕೂ ಹುಚ್ಚೀರಪ್ಪನ ಮನೆಯ ಒಬ್ಬ ಹೆಂಗಸಿನ ಹೆಸರು, ಖಂಡೇನವಮಿಯ ದಿನ, ಆಯುಧಪೂಜೆಗೆ, ಕೆಂಪು ಬಣ್ಣದಲ್ಲಿ ಹೊಸದಾಗಿ ಬರೆಸುತ್ತಾನೆ, ಅಜ್ಜಿ ಹನಮಂತವ್ವ ಮೂಲೆಯಲ್ಲಿ ತುಕ್ಕು ಹಿಡಿದು ಕೂತಿದ್ದಾಳೆ, ಮೊಮ್ಮಗಳು ಶಾಂಭವಿ ಬಾಗಿಲ ಹತ್ತಿರ ದಿನವಿಡೀ ಒದರುತ್ತಾಳೆ, ನೇಕಾರರು ಶಾಂಭವಿಗೆ ಎಣ್ಣಿ ಬಿಡ್ರಲೇ ಎನ್ನುತ್ತಾರೆ. ಈ ಕಂಪ್ಯೂಟರು ಬಂದ ಖಂಡೇನವಮಿಗೆ, ಇದೂ ಮಗ್ಗನ, ಇದಕ್ಕ ನಮ್ಮವ್ವನ ಹೆಸರು ಇಡ್ರಿ ನಿಜಲಿಂಗಪ್ಪನವರ, ಇಂಗ್ಲಿಷಿನ್ಯಾಗ ಬ್ಯಾಡ, ನಮ್ಮವ್ವಗ ಇಂಗ್ಲಿಷ್ ಬರ್ತಿದ್ದಿಲ್ಲ, ಎಂದ, ನಾನು ಯಂತ್ರದ ಖಾತೆಗೆ ಕನ್ನಡದ ಅಕ್ಷರದಲ್ಲೇ ಸಾವಿತ್ರೆವ್ವ ಎಂದು ಹೊಡೆದೆ, ಎಲ್ಲರೂ ಚಪ್ಪಾಳೆ ತಟ್ಟಿದರು, ಕಾಯಿ ಒಡೆದರು, ಕುಂಕುಮ ಬಿದ್ದ ಸ್ಪೇಸ್ ಬಾರು ಇವತ್ತಿಗೂ ಅಂಟುತ್ತದೆ. ಖಾತೆಯ ಹೆಸರೇ ಫೋಲ್ಡರಿನ ಹೆಸರು. ಜಾವಾ ತಾನೊಂದೇ ಇದ್ದಾಗ ಅದನ್ನು ಸಲೀಸಾಗಿ ಓದುತ್ತಿತ್ತು, ಏನೂ ತೊಂದರೆ ಇರಲಿಲ್ಲ, ಈ ಸೇತು ಲೈಬ್ರರಿ ಇದೆಯಲ್ಲ, ಇದು ದಾರಿಯನ್ನು ಆಚೆ ದಡಕ್ಕೆ ಒಯ್ಯುವಾಗ ಕನ್ನಡದ ಅಕ್ಷರ ಕಂಡು ಕೈಬಿಡುತ್ತದೆ, ಸಾವಿತ್ರೆವ್ವ ನಡುನೀರಿನಲ್ಲಿ ಬಿದ್ದು ಆಚೆ ದಡದಲ್ಲಿ ಬರೀ ಪ್ರಶ್ನೆಚಿಹ್ನೆಯ ಕೊಕ್ಕೆಗಳಾಗಿ ಏಳುತ್ತಾಳೆ, ಆ ಹೆಸರಿನ ಫೋಲ್ಡರು ಲೋಕದಲ್ಲೇ ಇಲ್ಲ, ಹುಡುಕಿದ್ದು ಸಿಗಲಿಲ್ಲ ಎಂದು ಕೆಂಪು. ಖಾತೆಯ ಹೆಸರು ಬದಲಾಗಬೇಕು, ಅಷ್ಟೇ. ಅಷ್ಟೇ ಎಂದರೆ ಅಷ್ಟೇ ಅಲ್ಲ, ಸಾವಿತ್ರೆವ್ವನ ಫೋಟೋದ ಮೊಳೆಗೆ ಬೆವರಿನ ಅಂಗಿ ನೇತುಹಾಕಿದ್ದಕ್ಕೆ ನೇಕಾರ ಗಾಳೆಪ್ಪನನ್ನು ಇದೇ ಹುಚ್ಚೀರಪ್ಪ ಅಂಗಿ ತೊಡಲೂ ಬಿಡದೆ ಹೊರಗೆ ದಬ್ಬಿದ, ಬನಿಯನ್ನಿನಲ್ಲೇ ಮುಂಡರಗಿ ಬಸ್ಸು ಹತ್ತಿದ ಗಾಳೆಪ್ಪ, ಹಾಗಿದ್ದ ಮೇಲೆ ಇವಳು ನಿಮ್ಮ ತಾಯಿಯ ಹೆಸರು ತೆಗೆಯಿರಿ ಎಂದು ಹೇಳಿಬಿಡಲಿ ನೋಡೋಣ, ಹೇಳದಿದ್ದರೆ ಕಂಡಿಕೆ, ಹೇಳಿದರೆ ಬೀದಿ. ಎರಡೂ ಕಡೆ ಬಾಗಿಲು ಹಾಕಿದೆ, ಚಿಲಕ ನನ್ನ ಕೈಯಲ್ಲಿದೆ.

ಸದ್ದು ನಿಂತಿದೆ, ಮಗ್ಗದ್ದಲ್ಲ, ಕೀಲಿಮಣೆಯದು, ಅವಳು ಮುಂದೆ ಬಾಗಿದ್ದಾಳೆ, ಬೆರಳು ಪರದೆಯ ಮೇಲೆ ಹೋಗುತ್ತಿದೆ, ಮೇಲಕ್ಕೆ, ಇನ್ನೂ ಮೇಲಕ್ಕೆ, ಆ ಸಾಲಿಗೆ ಬಂತು, ನಿಂತಿತು. ಸರ್, ಇಲ್ಲಿ ಹೆಸರಿನ ಜಾಗಾದಾಗ ಏನ ಬಂದಾವ್ರಿ ಇವು? ಏನವಾ, ನನಗ ಕಣ್ಣು ಅಷ್ಟ ಕಾಣೂದಿಲ್ಲ. ಅವಳು ತಿರುಗಿ ನನ್ನನ್ನು ನೋಡಿದಳು, ಬಹಳ ಹೊತ್ತು ನೋಡಿದಳು, ಕನ್ನಡಕ ನನ್ನ ಮೂಗಿನ ಮೇಲೇ ಇತ್ತು, ಮತ್ತೆ ತಿರುಗಿದಳು, ಬೆರಳುಗಳು ಈಗ ಬೇರೆ ಥರ ಓಡುತ್ತಿವೆ, ಹೊಸ ಖಾತೆ, ಇಂಗ್ಲಿಷ್ ಅಕ್ಷರದಲ್ಲಿ ಡಿಸೈನ್ ಎಂದು ಹೆಸರು, ಓಡುವ ನನ್ನ ಪ್ರೋಗ್ರಾಮನ್ನು ಎತ್ತಿ ಅದರೊಳಗೆ ಇಟ್ಟಳು, ನನ್ನನ್ನೇ ಕಂಕುಳಿಗೆ ಕೈಹಾಕಿ ಎತ್ತಿಟ್ಟ ಹಾಗಾಯಿತು, ಎಂಟರ್ ಹೊಡೆದಳು, ಕೆಂಪು ಬರಲಿಲ್ಲ. ಕೆಂಪು ಬರಲಿಲ್ಲ. ಖಲೀಲ ಸೇಠನ ಸೀರೆಯ ಅಂಚು, ನವಿಲಿನ ಪಕ್ಕ ಬಳ್ಳಿ, ಬಳ್ಳಿಯ ಪಕ್ಕ ನವಿಲು, ತೂತು ತೂತಾಗಿ ಪರದೆ ತುಂಬ ಹರಡಿಕೊಂಡಿತು, ನನ್ನ ಕೈಯ ಕೆಲಸ, ನನ್ನ ಕೈ ಇಲ್ಲದೆ. ಆತೇನ ಬೇಟಿ, ಎಂದು ಮೋತಿಬಿ ಬಾಗಿಲಲ್ಲಿ, ಹುಬ್ಬಿನ ಹಿಂಜು ಒರೆಸಿಕೊಳ್ಳುತ್ತ, ಆತಮ್ಮಾ ಎಂದಳು ಮಗಳು, ಮೋತಿಬಿ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಕೆಮ್ಮಿದಳು, ನಕ್ಕಳೋ ಕೆಮ್ಮಿದಳೋ. ತಡಿ, ಇನ್ನೂ ಮುಗಿದಿಲ್ಲ, ಹುಚ್ಚೀರಪ್ಪ ಬರುತ್ತಿದ್ದಾನೆ, ಚಪ್ಪಲಿಯ ಸದ್ದು, ಈಗ ಹೇಳು ನೋಡೋಣ. ಹೇಳಿದಳು, ನೆಟ್ಟಗೆ ನಿಂತು, ಅಣ್ಣಾರ, ನಿಮ್ಮ ತಾಯಿಯವರ ಹೆಸರಿನ ಖಾತೆದಾಗ ಇದು ನಡೆಯೂದಿಲ್ರಿ, ಬ್ಯಾರೆ ಹೆಸರಿಲೆ ಮಾಡೀನ್ರಿ, ತಪ್ಪಾಗಿದ್ರ ಬೈರಿ. ನಾನು ಕಪ್ಪು ಕೆಳಗಿಟ್ಟೆ. ಹುಚ್ಚೀರಪ್ಪ ಪರದೆಯ ನವಿಲನ್ನು ನೋಡಿದ, ಗಡಿಯಾರ ನೋಡಿದ, ತಗದ ಒಗಿ ಅತ್ಲಾಗ, ಬದುಕಿದ್ದಾಗೂ ಧಂಧೇಕ ಅಡ್ಡ ಬಂದಾಕಿ ನಮ್ಮವ್ವ, ಎಂದು ನಕ್ಕ. ಹಾಗಾದರೆ ಗಾಳೆಪ್ಪ? ಬನಿಯನ್ನಿನಲ್ಲಿ ಬಸ್ಸು ಹತ್ತಿದವನು? ಮಾಲೀಕ ನಕ್ಕಾಗ ನಗಬೇಕು, ನಗು ಬರಲಿಲ್ಲ.

ಎರಡೆರಡು ಖಾತೆ ಯಾಕ, ಹಳೇದು ಅಳಸಿಬಿಡು, ಸೇಠ ಬರೂದ್ರಾಗ ಮಶೀನ್ ಸ್ವಚ್ಛ ಕಾಣಲಿ, ಎಂದ ಹುಚ್ಚೀರಪ್ಪ, ನಿಜಲಿಂಗಪ್ಪನವರ, ನೀವಿನ್ನ ಮನಿಯಾಗ ಆರಾಮ ಇರ್ರಿ, ಎಷ್ಟಂತ ದುಡೀತೀರಿ, ಎಂದು ನನ್ನ ಹೆಗಲ ಮೇಲೆ ಕೈಯಿಟ್ಟ, ಹಗುರವಾಗಿ, ಮುಟ್ಟಿದ್ದೇ ಗೊತ್ತಾಗದಷ್ಟು, ಮತ್ತ ಆ ಸೋರ್ಸ್ ಕೋಡ್ ಮನಿಯಾಗ ಐತಿ ಅಂತಿದ್ರಲ್ಲ, ನಾಳೆ ಹುಡುಗರನ್ನ ಕಳಸ್ತೀನಿ, ಕೊಟ್ಟು ಕಳಸ್ರಿ. ಹೂಂ ಎಂದೆ. ಹೂಂ ಎಂದದ್ದು ನಾನೇ. ನೂರೀನ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ್ದಾಳೆ, ತನ್ನ ಕುರ್ಚಿಯನ್ನು, ಸರ್, ಈ ಹಳೇ ಖಾತೆದಾಗ ನಿಮ್ಮದೇನರ ಐತೇನ್ರಿ, ಅಳಿಸಿದ್ರ ಹೊಳ್ಳಿ ಬರೂದಿಲ್ರಿ. ಅವಳಿಗೆ ಗೊತ್ತಿದೆ. ಫೋಲ್ಡರು ಎಷ್ಟು ಭಾರ ಇದೆ ಎಂದು ಯಂತ್ರವೇ ತೋರಿಸುತ್ತದೆ, ಒಳಗೆ ಹೋಗಿ ನೋಡಿದ್ದಾಳೋ ಏನೋ, ನೋಡಿದ್ದರೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ, ಬೇಡವೇ ಅವಳಿಗೆ, ಬೇಡವಾಗಿದ್ದರೆ ಅದು ಇನ್ನೂ ಕೆಟ್ಟದ್ದು — ಐತಿ ಎಂದರೆ ಹುಚ್ಚೀರಪ್ಪ ಇಲ್ಲೇ ನಿಂತಿದ್ದಾನೆ, ಮನಿಯಾಗ ಐತಿ ಅಂದಿದ್ರಲ್ಲ ಎನ್ನುತ್ತಾನೆ, ಶೆಡ್ಡೆಲ್ಲ ಕೇಳುತ್ತದೆ, ಎಲ್ಲವನ್ನೂ ಅವಳ ಮಡಿಲಿಗೆ ಸುರಿಯುತ್ತಾನೆ, ಅವಳು ಒಂದೊಂದೇ ಸಾಲು ಓದಿ ಇಲ್ಲಿ ಸರ್ ತಪ್ಪು ಮಾಡ್ಯಾರ ಎಂದು ತಿದ್ದುತ್ತಾಳೆ, ನನ್ನ ಸೈಕಲ್ಲು, ನನ್ನ ಚಪ್ಪಲಿ, ಬೋರ್ಡಿನ ಹಸಿ ಬಣ್ಣದ ವಾಸನೆ, ಎಲ್ಲ ಅವಳದಾಗುತ್ತದೆ. ಸಿಗಬಾರದು. ನನಗಿಲ್ಲದ್ದು ಯಾರಿಗೂ ಇರಬಾರದು. ಏನೂ ಇಲ್ಲವಾ, ಖಾಲಿ ಐತಿ, ಎಂದೆ. ಖರೇನ ಸರ್? ಎಷ್ಟು ಮೆತ್ತಗೆ ಕೇಳಿದಳು, ನಾನು ಬೆಳಿಗ್ಗೆ ಜಾವಾ ತಗದು ಮತ್ತೊಮ್ಮೆ ಹಾಕು ಎಂದಷ್ಟೇ ಮೆತ್ತಗೆ. ಖರೇನ. ಹೊಸ್ತಿಲಲ್ಲಿ ಮೋತಿಬಿ ಕೆಮ್ಮುತ್ತಿಲ್ಲ, ಮಗ್ಗಗಳೂ ಇಲ್ಲ, ಯಾರು ನಿಲ್ಲಿಸಿದರು ಮಗ್ಗ, ಕರೆಂಟು ಹೋಯಿತೇ, ಇಲ್ಲ, ಪರದೆ ಬೆಳಗುತ್ತಿದೆ, ಕರೀ ಪರದೆಯಲ್ಲಿ ಯಂತ್ರ ಕೇಳುತ್ತಿದೆ, ಅಳಿಸಲೇ, ಹೌದೋ ಅಲ್ಲವೋ, ಯಾವುದನ್ನು ಎಂಬ ಜಾಗದಲ್ಲಿ ಅದಕ್ಕೆ ಹೆಸರು ಹೇಳಲು ಬರುತ್ತಿಲ್ಲ, ಸಾವಿತ್ರೆವ್ವನೂ ಇಲ್ಲ, ನಾನೂ ಇಲ್ಲ, ಮುರಿದ ಉಗುರಿನ ಬೆರಳು ಹೌದು ಎಂಬ ಕೀಲಿಯ ಮೇಲೆ ಇಳಿಯಿತು, ಕೊಕ್ಕೆಗಳು, ಸಾಲಾಗಿ, ಒಂದರ ಪಕ್ಕ ಒಂದು, ನೂಲಿಲ್ಲದ ಕೊಕ್ಕೆಗಳು, ಕೊಕ್ಕೆಗಳು