ನಾನು ಓದಿದ ಕೊನೆಯ ಅಧ್ಯಾಯ

ನನ್ನ ಅತ್ತೆ ಸುಮಿತ್ರವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅಕ್ಷರ ಬಲ್ಲ ಸೊಸೆ ತನಗಿದ್ದಾಳೆಂಬ ಜಂಬ ಇಡೀ ಬೆಟಗೇರಿಗೆ ಹಂಚಿದರೂ ಮಿಗುವಷ್ಟಿತ್ತು. ಮಧ್ಯಾಹ್ನ ನಮ್ಮ ಮಗ್ಗದ ಮನೆಯಲ್ಲಿ ನಾನು ಕಾದಂಬರಿ ಓದುತ್ತಿದ್ದೆ, ರಾಟಿಯಲ್ಲಿ ನೂಲು ಸುತ್ತುವ ಹೆಂಗಸರು ಕೇಳುತ್ತಿದ್ದರು. "ನಮ್ಮ ನೀಲಗಂಗಾ ಪುಸ್ತಕದಾಗ ಇದ್ದದ್ದು ಇದ್ದಂಗ ಓದ್ತಾಳ," ಎಂದು ಅತ್ತೆ ಕಂಡವರಿಗೆಲ್ಲ ಹೇಳುತ್ತಿದ್ದರು.

ಅದು ಪೂರ್ತಿ ನಿಜವಲ್ಲ. ಒಂದು ಸಲ ನಾನು ಒಂದಿಡೀ ಅಧ್ಯಾಯವನ್ನೇ ನುಂಗಿಬಿಟ್ಟಿದ್ದೆ.

ಆ ಕಾದಂಬರಿಯ ನಾಯಕಿ ಗಂಡ ಬಿಟ್ಟವಳು. ಕೇಳುವವರಲ್ಲಿ ಕೊರ್ಲಹಳ್ಳಿಯ ಹನಮವ್ವನೂ ಇದ್ದಳು. ಅವಳ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಇವಳನ್ನು ಹೊರಗೆ ಹಾಕಿದ್ದ. "ಮುಂದ ಆಕಿ ಏನ ಮಾಡ್ತಾಳ್ರೀ ಅಕ್ಕಾರ?" ಎಂದು ದಿನವೂ ಕೇಳುತ್ತಿದ್ದಳು. ಕೊನೆಯ ಅಧ್ಯಾಯ ತೆಗೆದರೆ ನಾಯಕಿ ಹೊಳೆಗೆ ಹಾರುತ್ತಾಳೆ! ಬರೆದವನ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. ಇನ್ನೂರು ಪುಟ ಅವಳನ್ನು ಅಳಿಸಿದ ಪುಣ್ಯಾತ್ಮನಿಗೆ ಕೊನೆಗೆ ಸಿಕ್ಕ ದಾರಿ ಇದೊಂದೇ? ಹನಮವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ಪುಟ ತಿರುವುತ್ತ ನಾನು ಇಲ್ಲದ್ದನ್ನು ಓದಿದೆ. ನಾಯಕಿ ಹೊಳೆಯ ದಂಡೆಯಿಂದ ತಿರುಗಿ ಬಂದಳು, ಗಂಡಸರಷ್ಟೇ ಕೂರುತ್ತಿದ್ದ ಮಗ್ಗಕ್ಕೆ ಕುಳಿತಳು, ಸೀರೆ ನೇಯ್ದಳು.

ತಿಂಗಳೊಳಗೆ ಹನಮವ್ವ ನಮ್ಮ ಮೂಲೆಯ ಮಗ್ಗ ಕೇಳಿದಳು. ಗಂಡಸರು ನಕ್ಕರು. "ಪುಸ್ತಕದಾಗನ ಐತಿ," ಎಂದು ಅವರ ಬಾಯಿ ಮುಚ್ಚಿಸಿದಳು.

ಕನ್ನಡ ನಾಡು ಒಂದಾದ ಮರುವರ್ಷ ಅದೇ ಕಾದಂಬರಿ ಸಿನಿಮಾ ಆಗಿ ಗದಗಿನ ಟೆಂಟಿಗೆ ಬಂತು. ತಲೆನೋವೆಂದರೂ ಅತ್ತೆ ನನ್ನನ್ನು ಬಿಡಲಿಲ್ಲ. ಸಂಜೆಯ ಆಟಕ್ಕೆ ಎಲ್ಲರೂ ಹೋದೆವು. ಪುಸ್ತಕದ ಕಪ್ಪು ಹೆಣ್ಣು ಪರದೆಯ ಮೇಲೆ ಪೌಡರ್ ಬಳಿದುಕೊಂಡು ಬಂದಳು. ಅಲ್ಲಿ ನಾಲ್ಕು ಪುಟ ಹಸಿದವಳು ಇಲ್ಲಿ ಒಂದು ಹಾಡಿನಲ್ಲಿ ಹಸಿವು ಮುಗಿಸಿದಳು.

"ಹಸದಾಕಿಗೆ ಇಷ್ಟು ದನಿ ಎಲ್ಲಿಂದ ಬಂತ?" ಅತ್ತೆ ಗೊಣಗಿದರು.

ಕೊನೆಗೆ ಅವಳು ಹೊಳೆಗೆ ಹಾರಿದಳು. ಹನಮವ್ವ ಎದ್ದು ನಿಂತು, "ಸುಳ್ಳು! ಪುಸ್ತಕದಾಗ ಹಿಂಗಿಲ್ಲ!" ಎಂದು ಕೂಗಿದಳು.

ಹಿಂದೆ ಕುಳಿತಿದ್ದ ಶಾಲೆಯ ಹುಚ್ಚೀರಪ್ಪ ಮಾಸ್ತರು, "ಪುಸ್ತಕದಾಗೂ ಹಿಂಗ ಐತಿ ತಂಗಿ," ಎಂದರು.

ಅತ್ತೆ ಅವರತ್ತ ತಿರುಗಿದರು. "ನನ್ನ ಸೊಸಿ ಓದಿದ್ದು ಸುಳ್ಳೇನ್ರಿ? ನಾಳಿ ಮನಿಗೆ ಬರ್ರಿ. ಎಲ್ಲಾರ ಮುಂದ ನೀವ ಓದ್ರಿ."

ಮರುದಿನ ಬೆಳಿಗ್ಗೆ ಮಗ್ಗದ ಮನೆ ತುಂಬಿತು. ನನ್ನ ಮಾನ ಹೋದರೆ ಹೋಗಲಿ, ಹನಮವ್ವ ಮಗ್ಗ ಬಿಟ್ಟರೆ ಏನು ಗತಿ ಎಂಬುದೇ ನನ್ನ ಚಿಂತೆ. ಮಾಸ್ತರು ಓದಿದರು. ನಾಯಕಿ ಹಾರಿದಳು, ಪುಸ್ತಕ ಮುಗಿಯಿತು. ಎಲ್ಲರೂ ನನ್ನ ಕಡೆ ನೋಡಿದರು.

"ನಾನ ಕಟ್ಟಿ ಹೇಳಿದ್ನಿರಿ ಅತ್ತಿ," ಎಂದೆ. "ಹನಮವ್ವನ ಮುಂದ ಅದನ್ನ ಓದಾಕ ಬಾಯಿ ಬರಲಿಲ್ಲ."

ಹನಮವ್ವ ಮೆಲ್ಲಗೆ ಹೇಳಿದಳು: "ಆಗ ನಾನೂ ಹೊಳಿಗೆ ಹೋಗಾಕ ಗಟ್ಟಿ ಮಾಡಿದ್ನಿರಿ ಅಕ್ಕಾರ. ಕತಿ ಮುಗೀಲಿ ಅಂತ ತಡದಿದ್ದೆ."

ಹನಮವ್ವ ಕಣ್ಣೊರೆಸಿಕೊಂಡು ಹೋಗಿ ತನ್ನ ಮಗ್ಗಕ್ಕೆ ಕುಳಿತಳು. ಲಾಳಿಯ ಸದ್ದು ಕೇಳಿದಾಗ ನನಗೆ ಜೀವ ಬಂತು.

ಅತ್ತೆ ಸೆರಗು ಸರಿಮಾಡಿಕೊಂಡು, ತಲೆ ಎತ್ತಿ, ಮಾಸ್ತರ ಕಡೆ ತಿರುಗಿದರು.

"ಈ ಪುಸ್ತಕ ಬರದಾಂವಗ ಒಂದ ಕಾಗದ ಬರೀರಿ ಮಾಸ್ತರ. ಕಡೀ ಅಧ್ಯಾಯ ತಪ್ಪಾಗಿತ್ತು, ಬೆಟಗೇರಿಯಾಗ ನನ್ನ ಸೊಸಿ ತಿದ್ದ್ಯಾಳ ಅಂತ ತಿಳಸ್ರಿ."